ಗಂಡ ತಂದ ಗಿಟಾರು, ಹೆಂಡತಿ ಕಟ್ಟಿದ ಹಾಡು

ಮನೆಯ ಮಾತು ಹೊಸ್ತಿಲು ದಾಟಬಾರದು ಅಂತ ನಮಗೆಲ್ಲ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಗಂಡ ಕುಡಿದು ಬಂದದ್ದು, ಕೈಗೂಸು ಎದೆಹಾಲು ಬಿಡುವ ಮೊದಲೇ ಮತ್ತೆ ಬಸುರಾದದ್ದು... ಇವನ್ನೆಲ್ಲ ಹೆತ್ತ ತಾಯಿಯ ಹತ್ತಿರವೂ ಅಳುಕುತ್ತಲೇ ಹೇಳುವವರು ನಾವು. ಇಂಥ ಮಾತುಗಳನ್ನೇ ಹಾಡಾಗಿ ಹಾಡಿ, ರೇಡಿಯೋದಲ್ಲಿ ದೇಶಕ್ಕೆಲ್ಲ ಕೇಳಿಸಿದ ಗೃಹಿಣಿಯೊಬ್ಬಳು ಅಮೆರಿಕದಲ್ಲಿದ್ದಳು. ಹೆಸರು ಲೊರೆಟ್ಟಾ ಲಿನ್.

ಆಕೆ ಹಾಡಿದ್ದು ಕಂಟ್ರಿ ಮ್ಯೂಸಿಕ್. ಅಂದರೆ ಅಲ್ಲಿನ ಹಳ್ಳಿಗಾಡಿನ ಜನರ ಸಂಗೀತ. ಗಿಟಾರು, ಪಿಟೀಲು, ಬ್ಯಾಂಜೋಗಳ ಜೊತೆ ಒಂದು ಕಥೆ. 1952ರಲ್ಲಿ ಕಿಟ್ಟಿ ವೆಲ್ಸ್ ಎಂಬಾಕೆಯ ಹಾಡು ಮೊದಲನೇ ಸ್ಥಾನಕ್ಕೆ ಏರುವವರೆಗೆ ಅಲ್ಲೂ ಗಂಡಸರದೇ ದರಬಾರು.

ಲೊರೆಟ್ಟಾ ಹುಟ್ಟಿದ್ದು 1932ರ ಏಪ್ರಿಲ್ 14ರಂದು, ಕೆಂಟಕಿ ರಾಜ್ಯದ ಗುಡ್ಡಗಾಡಿನ ಬುಚರ್ ಹಾಲೋ ಎಂಬಲ್ಲಿ. ತಂದೆ ಕಲ್ಲಿದ್ದಲ ಗಣಿಯ ಕೂಲಿ. ಎಂಟು ಮಕ್ಕಳಲ್ಲಿ ಈಕೆ ಎರಡನೆಯವಳು. 1948ರ ಜನವರಿಯಲ್ಲಿ, 16 ತುಂಬುವ ಮೊದಲೇ, ಆಲಿವರ್ ಲಿನ್ ಜೊತೆ ಮದುವೆಯಾಯಿತು. ಅದೇ ವರ್ಷ ಚೊಚ್ಚಲ ಹೆರಿಗೆ! ಗಂಡನ ಹಿಂದೆ ದೇಶದ ಇನ್ನೊಂದು ತುದಿಯ ವಾಷಿಂಗ್ಟನ್ ರಾಜ್ಯಕ್ಕೆ ಹೋದಳು. ಸಾಲಾಗಿ ನಾಲ್ಕು ಮಕ್ಕಳು, ಆಮೇಲೆ 1964ರಲ್ಲಿ ಅವಳಿ ಹೆಣ್ಣುಕೂಸುಗಳು.

ಮನೆಗೆಲಸ ಮಾಡುತ್ತಾ ಹಾಡಿಕೊಳ್ಳುತ್ತಿದ್ದವಳ ಕಂಠ ಕೇಳಿ, 1953ರಲ್ಲಿ 17 ಡಾಲರಿನ ಒಂದು ಗಿಟಾರು ತಂದುಕೊಟ್ಟವನು ಗಂಡನೇ. ನಾಚಿಕೊಂಡವಳನ್ನು ವೇದಿಕೆಗೆ ದಬ್ಬಿದವನೂ ಅವನೇ. 1960ರಲ್ಲಿ ಸಣ್ಣ ಕಂಪನಿಯೊಂದು ಆಕೆಯ ಮೊದಲ ರೆಕಾರ್ಡು ತಂದಾಗ, ಗಂಡ ಹೆಂಡತಿ ಕಾರಿನಲ್ಲಿ ರೇಡಿಯೋ ಕೇಂದ್ರದಿಂದ ರೇಡಿಯೋ ಕೇಂದ್ರಕ್ಕೆ ಅಲೆದರು. ಹೊಟ್ಟೆಗೆ ಬರೀ ಸ್ಯಾಂಡ್‌ವಿಚ್ಚು. ಆದರೂ ಹಾಡು 14ನೇ ಸ್ಥಾನ ಮುಟ್ಟಿತು ನೋಡಿ!

ಇಷ್ಟು ಒಳ್ಳೆಯ ಗಂಡ ಅಂತ ಹೊಗಳುವಷ್ಟರಲ್ಲಿ ಇನ್ನೊಂದು ಮುಖವೂ ಕಾಣಿಸುತ್ತದೆ. ಅವನಿಗೆ ಕುಡಿತವೂ ಇತ್ತು, ಪರಸ್ತ್ರೀಯರ ಚಾಳಿಯೂ ಇತ್ತು. ಇದನ್ನು ಆಕೆಯೇ ಮುಚ್ಚುಮರೆಯಿಲ್ಲದೆ ಹೇಳಿದ್ದಾಳೆ. ಕುಡಿದು ಬಂದು ನನ್ನ ಹತ್ತಿರ ಪ್ರೀತಿ ಕೇಳಬೇಡ ಅಂತ ಗಂಡನಿಗೆ ತಾಕೀತು ಮಾಡುವ ಹಾಡನ್ನು ತಂಗಿಯ ಜೊತೆ ಸೇರಿ ಬರೆದಳು. 1967ರಲ್ಲಿ ಆಕೆಯ ಹಾಡುಗಳಲ್ಲಿ ಮೊದಲ ಸ್ಥಾನಕ್ಕೇರಿದ ಮೊದಲನೆಯದು ಅದೇ. ಅದರಲ್ಲಿ ಗೋಳಾಟವಿಲ್ಲ. ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತವಳ ಧ್ವನಿ ಅದು. ಆದರೆ 1968ರ 'ಫಿಸ್ಟ್ ಸಿಟಿ' ನನಗೆ ಅಷ್ಟಾಗಿ ಹಿಡಿಸಲಿಲ್ಲ. ಗಂಡನ ತಪ್ಪಿಗೆ ಇನ್ನೊಬ್ಬ ಹೆಂಗಸಿನ ಜುಟ್ಟು ಹಿಡಿಯುತ್ತೇನೆ ಅನ್ನುವುದು ಯಾವ ನ್ಯಾಯ? ಏನಂತೀರಿ?

ನನಗೆ ಇಂಗ್ಲಿಷ್ ಹಾಡು ಪೂರ್ತಿ ಕಿವಿಗೆ ಹತ್ತುವುದಿಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಾಲು ಸಾಲಿಗೂ ಅರ್ಥ ಕೇಳಿಕೊಂಡು ಆಲಿಸಿದೆ. 'ಒನ್ಸ್ ಆನ್ ದ ವೇ' ಬಂದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಬರೆದದ್ದು ಶೆಲ್ ಸಿಲ್ವರ್‌ಸ್ಟೀನ್ ಎಂಬ ಗಂಡಸು. ಹಾಡಿದ್ದು ಮಾತ್ರ ಅನುಭವಸ್ಥೆ! ದೊಡ್ಡ ಊರುಗಳಲ್ಲಿ ಹೆಂಗಸರು ಹಕ್ಕಿಗಾಗಿ ಹೋರಾಡುತ್ತಿದ್ದಾರೆ; ಇಲ್ಲಿ ಟೊಪೀಕಾ ಎಂಬ ಊರಲ್ಲಿ ಹೊರಗೆ ಮಳೆ, ನಲ್ಲಿ ತೊಟ್ಟಿಕ್ಕುತ್ತಿದೆ, ಒಂದು ಮಗು ತಪ್ಪುಹೆಜ್ಜೆ, ಒಂದು ಅಂಬೆಗಾಲು, ಇನ್ನೊಂದು ಹೊಟ್ಟೆಯಲ್ಲಿ. ಸಾಲದ್ದಕ್ಕೆ ಗೆಳೆಯರನ್ನು ಕರೆತರುತ್ತೇನೆ ಅಂತ ಗಂಡನ ಫೋನು!

ನಕ್ಕು ಮುಗಿದ ಮೇಲೆ ಕೇಳಬೇಕಾದ್ದು 'ದ ಪಿಲ್'. ಗರ್ಭನಿರೋಧಕ ಮಾತ್ರೆಯ ಹಾಡು. ವರ್ಷ ವರ್ಷವೂ ಹೆತ್ತು ಸುಸ್ತಾದ ಹೆಂಡತಿ, ಕಾವಿಗೆ ಕೂತ ಕೋಳಿಯ ಹಾಗಿನ್ನು ಇರಲಾರೆ ಅನ್ನುತ್ತಾಳೆ. 1972ರಲ್ಲೇ ಹಾಡಿಟ್ಟಿದ್ದ ಇದು ಹೊರಬಂದದ್ದು 1975ರಲ್ಲಿ. ಹಲವು ರೇಡಿಯೋ ಕೇಂದ್ರಗಳು ಹಾಕಲು ಒಪ್ಪಲಿಲ್ಲ. ಆದರೂ ಕಂಟ್ರಿ ಪಟ್ಟಿಯಲ್ಲಿ 5ನೇ ಸ್ಥಾನ ಮುಟ್ಟಿತು. ಹಳ್ಳಿಯ ವೈದ್ಯರು, ತಾವು ಹಂಚಿದ ಕರಪತ್ರಗಳಿಗಿಂತ ಈ ಹಾಡಿನಿಂದಲೇ ಹೆಂಗಸರಿಗೆ ಮಾತ್ರೆಯ ವಿಷಯ ತಿಳಿಯಿತು ಅಂದರಂತೆ. ಆಕೆಯೇ ಹೇಳಿಕೊಂಡದ್ದು ಇದು. ಕುಡಿತದ ಹಾಡು, ಜಗಳದ ಹಾಡು ನಡೆಯುತ್ತಿತ್ತು. ಬಸಿರು ಬೇಡ ಅಂದ ಹೆಂಡತಿಯ ಹಾಡಿಗೆ ಮಾತ್ರ ಬಾಗಿಲು ಹಾಕಿದರು.

ಮರ್ಯಾದೆಗಳಿಗೇನೂ ಕೊರತೆಯಾಗಲಿಲ್ಲ. 1972ರಲ್ಲಿ ಕಂಟ್ರಿ ಸಂಗೀತ ಸಂಘದ ವರ್ಷದ ಶ್ರೇಷ್ಠ ಕಲಾವಿದೆ. ಆ ಗೌರವ ಪಡೆದ ಮೊದಲ ಹೆಣ್ಣು. 1976ರಲ್ಲಿ ಆತ್ಮಕಥೆ ಬಂತು, 1980ರಲ್ಲಿ ಅದು ಸಿನಿಮಾ ಆಯಿತು. 2004ರಲ್ಲಿ, 72ನೇ ವಯಸ್ಸಿನಲ್ಲಿ ತಂದ 'ವ್ಯಾನ್ ಲಿಯರ್ ರೋಸ್' ಆಲ್ಬಮ್ಮಿಗೆ ಎರಡು ಗ್ರ್ಯಾಮಿ ಪ್ರಶಸ್ತಿ. ಇಷ್ಟೆಲ್ಲ ಹಾಡಿಯೂ ಗಂಡನನ್ನು ಬಿಟ್ಟಳೇ ಅಂದರೆ, ಇಲ್ಲ. 1996ರಲ್ಲಿ ಅವನು ತೀರಿಕೊಳ್ಳುವವರೆಗೆ 48 ವರ್ಷ ಬಾಳಿದಳು. 2022ರ ಅಕ್ಟೋಬರ್ 4ರಂದು, 90ನೇ ವಯಸ್ಸಿನಲ್ಲಿ, ಟೆನೆಸಿಯ ತನ್ನ ಮನೆಯಲ್ಲಿ ನಿದ್ದೆಯಲ್ಲೇ ಕಣ್ಮುಚ್ಚಿದಳು.

ಯಾವುದರಿಂದ ಶುರು ಮಾಡಲಿ ಅನ್ನುವವರು 1970ರ 'ಕೋಲ್ ಮೈನರ್ಸ್ ಡಾಟರ್' ಕೇಳಿ. ಅಂದರೆ ಗಣಿ ಕೂಲಿಯ ಮಗಳು. ಉದ್ದವಾಯಿತು ಅಂತ ನಿರ್ಮಾಪಕ ಓವನ್ ಬ್ರಾಡ್ಲಿ ಕೆಲವು ಚರಣ ತೆಗೆಸಿದರು. ಉಳಿದ ಮೂರು ನಿಮಿಷದಲ್ಲೇ ಬಟ್ಟೆ ಉಜ್ಜಿ ಉಜ್ಜಿ ಬೆರಳಲ್ಲಿ ರಕ್ತ ಬಂದ ತಾಯಿ ಇದ್ದಾಳೆ, ಬೇಸಿಗೆಯೆಲ್ಲ ಬರಿಗಾಲಲ್ಲಿ ಓಡಾಡುವ ಮಕ್ಕಳಿದ್ದಾರೆ, ಚಳಿಗಾಲಕ್ಕೆ ಅವರಿಗೆ ಬೂಟು ಕೊಳ್ಳಲು ಹಂದಿ ಮಾರುವ ಅಪ್ಪ ಇದ್ದಾನೆ. ರಾತ್ರಿಯೆಲ್ಲ ಗಣಿ, ಹಗಲು ಹೊಲ ಅವನಿಗೆ. ಆ ಅಪ್ಪ ತೀರಿಕೊಂಡದ್ದು 1959ರಲ್ಲಿ; ಮಗಳ ಒಂದು ರೆಕಾರ್ಡನ್ನೂ ಕೇಳಲಿಲ್ಲ.