ಕೃತಕ ಸಮರವೂ ಆಯುಧಪರೀಕ್ಷೆಯೂ

ಹೊಸ ಆಯುಧವನ್ನು ಸಂಪಾದಿಸಬೇಕೆಂದಿರುವ ರಾಜ್ಯವು ಹಣವನ್ನು ತೆರುವ ಮೊದಲೇ ಅದರ ಯೋಗ್ಯತೆಯನ್ನು ಅರಿಯಬೇಕಾಗುವುದು. ಆ ಯೋಗ್ಯತೆಯಾದರೋ ಯುದ್ಧದಲ್ಲಲ್ಲದೆ ಪೂರ್ಣವಾಗಿ ತಿಳಿಯದು. ಈ ತೊಡಕಿಗೆ ಸೇನಾಶಾಸ್ತ್ರಜ್ಞರು ಕಂಡುಕೊಂಡ ಉಪಾಯವೇ ಕೃತಕ ಸಮರ. ನಕ್ಷೆಯ ಮೇಲಾಗಲಿ ಗಣಕಯಂತ್ರದಲ್ಲಾಗಲಿ ಎರಡು ಪಕ್ಷಗಳನ್ನು ನಿಲ್ಲಿಸಿ, ಇನ್ನೂ ಕೈಸೇರದ ಆಯುಧಕ್ಕೆ ಇಂತಿಷ್ಟು ವೇಗ, ಇಂತಿಷ್ಟು ಬಲವೆಂದು ಗೊತ್ತುಮಾಡಿ, ಕಾದಿಸಿ ನೋಡುವ ಕ್ರಮವಿದು. ಇದಕ್ಕೆ ‘ಅಣಕು ಯುದ್ಧ’ವೆಂಬ ಹೆಸರು ಬಳಕೆಯಲ್ಲಿದ್ದರೂ ಅಣಕವೆಂಬಲ್ಲಿ ಪರಿಹಾಸದ ಧ್ವನಿಯಿರುವುದರಿಂದ ಅದು ಅಷ್ಟಾಗಿ ಒಪ್ಪುವುದಿಲ್ಲ. ಶ್ರೀಶಂಕುಕನು ನಾಟ್ಯಾನುಕರಣಕ್ಕೆ ಹೇಳಿದ ಚಿತ್ರತುರಗನ್ಯಾಯವೇ ಇಲ್ಲಿಗೆ ಹೆಚ್ಚು ಹತ್ತಿರವಾದುದು: ಚಿತ್ರದ ಕುದುರೆ ದಿಟವೆನ್ನುವಂತಿಲ್ಲ, ಸಟೆಯೆನ್ನುವಂತೆಯೂ ಇಲ್ಲ, ಕುದುರೆಯ ಪ್ರತೀತಿಯೇನೋ ಉಂಟು.

ಅಮೆರಿಕದ ನ್ಯೂಪೋರ್ಟ್ ನಗರದ ನೌಕಾಯುದ್ಧ ಕಾಲೇಜು ಇದಕ್ಕೆ ಉತ್ತಮ ನಿದರ್ಶನ. 1920ರ ದಶಕದ ಆದಿಯಲ್ಲಿ ಅಲ್ಲಿನ ಅಧಿಕಾರಿಗಳು ಚೌಕಗಳನ್ನು ಗುರುತಿಸಿದ ನೆಲದ ಮೇಲೆ ಸಣ್ಣ ಸಣ್ಣ ನೌಕಾಪ್ರತಿಮೆಗಳನ್ನು ನಡೆಸುತ್ತ ವಿಮಾನವಾಹಕ ನೌಕೆಗಳ ಯುದ್ಧವನ್ನು ಆಡಿದರು. ಆಗ ಆ ದೇಶಕ್ಕಿದ್ದ ವಿಮಾನವಾಹಕವೆಂದರೆ, ಕಲ್ಲಿದ್ದಲಿನ ಹಡಗನ್ನು ಮಾರ್ಪಡಿಸಿ 1922ರಲ್ಲಿ ಸೇವೆಗೆ ಸೇರಿಸಿದ ‘ಲ್ಯಾಂಗ್ಲೀ’ ಒಂದೇ. ಈ ಆಟಗಳಿಂದ ಹೊರಪಟ್ಟ ತತ್ತ್ವವು ಗಮನಾರ್ಹವಾಗಿದೆ. ಫಿರಂಗಿಗಳ ಹೊಡೆತವು ಧಾರೆಯಂತೆ ಎಡೆಬಿಡದೆ ಸಾಗುವುದು. ವಿಮಾನಗಳ ಹೊಡೆತವು ಅಲೆಯಂತೆ ಒಮ್ಮೆ ಎರಗಿ, ಮರಳಿ ಸಜ್ಜಾಗುವವರೆಗೆ ನಿಲ್ಲುವುದು. ಆದಕಾರಣ ನೌಕೆಯೊಂದರ ಬಲವು ಒಮ್ಮೆಗೇ ಅದು ಎಷ್ಟು ವಿಮಾನಗಳನ್ನು ಮೇಲೆಬ್ಬಿಸಬಲ್ಲುದೆಂಬುದನ್ನು ಅವಲಂಬಿಸಿದೆ. ಮೊದಲ ಅಲೆಯೇ ಎದುರಾಳಿಯ ಹಾರುಗಟ್ಟೆಯನ್ನು ಕೆಡಿಸಿದರೆ ಅವನ ಮರುಹೊಡೆತಕ್ಕೆ ಅವಕಾಶವೇ ಇರದು.

ಆ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಬಳಿಕ ಅಲ್ಲಿಯೇ ಬೋಧಿಸಿದ ಜೋಸೆಫ್ ರೀವ್ಸ್ ಎಂಬವರು 1925ರಲ್ಲಿ ನೌಕಾದಳದ ವಿಮಾನಪಡೆಗೆ ಅಧಿಪತಿಗಳಾದರು. ಲ್ಯಾಂಗ್ಲೀಯಲ್ಲಿ ಆಗ ಇದ್ದ ವಿಮಾನಗಳು 14ರ ಸುಮಾರು. ಇಳಿದ ವಿಮಾನಗಳನ್ನು ಒಡನೆಯೇ ಕೆಳಗಿನ ಕೊಠಡಿಗೆ ಸಾಗಿಸದೆ ಹಾರುಗಟ್ಟೆಯ ಮುಂಭಾಗದಲ್ಲಿಯೇ ನಿಲ್ಲಿಸುವುದು, ಏಳುವ ಇಳಿಯುವ ಕಾಲವನ್ನು ಕಡಿಮೆಮಾಡುವುದು, ಇವೇ ಮೊದಲಾದ ಕ್ರಮಗಳಿಂದ ಕೆಲವೇ ವರ್ಷಗಳಲ್ಲಿ ಅದೇ ಹಡಗು 42 ವಿಮಾನಗಳನ್ನು ನಡೆಸುವಂತಾಯಿತು. ಇಲ್ಲಿ ಆಟವು ಉತ್ತರವನ್ನು ಕೊಡಲಿಲ್ಲ; ಕೇಳಬೇಕಾದ ಪ್ರಶ್ನೆಯನ್ನು ಕೊಟ್ಟಿತು. ಉತ್ತರವನ್ನು ಕಡಲಿನಲ್ಲಿ ಹುಡುಕಬೇಕಾಯಿತು. ‘ಸಾರಾಟೋಗ’ ನೌಕೆಯು ಪನಾಮಾ ಕಾಲುವೆಯ ಮೇಲೆ 1929ರ ಜನವರಿಯಲ್ಲಿ ನಡೆಸಿದ ಕೃತಕ ದಾಳಿಯು ಇಂಥ ಶೋಧನೆಗಳಲ್ಲಿ ಪ್ರಸಿದ್ಧವಾದುದು.

ಆದರೆ ಆಟದ ನಿಯಮಗಳನ್ನು ಮಾಡುವವನೇ ಫಲದಲ್ಲಿ ಆಸಕ್ತನಾದರೆ ಪರೀಕ್ಷೆಯು ಕೆಡುವುದು. ಅಮೆರಿಕವು ತನ್ನ ನೂತನ ಯುದ್ಧವಿಧಾನಗಳನ್ನೂ ಸಾಧನಗಳನ್ನೂ ಒರೆಗೆ ಹಚ್ಚಲು 2002ರಲ್ಲಿ ಸುಮಾರು 25 ಕೋಟಿ ಡಾಲರುಗಳ ವೆಚ್ಚದಿಂದ ‘ಮಿಲೆನಿಯಮ್ ಚಾಲೆಂಜ್’ ಎಂಬ ಮಹಾಪ್ರಯೋಗವನ್ನು ನಡೆಸಿತು. ಶತ್ರುಪಕ್ಷವನ್ನು ವಹಿಸಿಕೊಂಡಿದ್ದ ನಿವೃತ್ತ ಸೇನಾನಿ ಪಾಲ್ ವ್ಯಾನ್ ರೈಪರ್ ಅವರು ಕದ್ದುಕೇಳಬಹುದಾದ ಯಂತ್ರಗಳನ್ನು ತೊರೆದು, ಮೋಟಾರು ಸೈಕಲಿನ ದೂತರ ಮೂಲಕ ಆಜ್ಞೆಗಳನ್ನು ಕಳುಹಿಸಿ, ಕ್ಷಿಪಣಿಗಳಿಂದಲೂ ಸಣ್ಣ ದೋಣಿಗಳ ಗುಂಪುಗಳಿಂದಲೂ 16 ಹಡಗುಗಳನ್ನು ಮುಳುಗಿಸಿದರು. ನಿರ್ವಾಹಕರು ಅವನ್ನು ಮತ್ತೆ ತೇಲಿಸಿ ಆಟವನ್ನು ಮುಂದುವರಿಸಿದರು. ಬಯಲಿನಲ್ಲಿ ಸಜ್ಜಾಗಿದ್ದ ಸಾವಿರಾರು ಯೋಧರ ಅಭ್ಯಾಸವು ನಿಲ್ಲಬಾರದೆಂಬುದು ಅವರ ಸಮಾಧಾನ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಅನಂತರ ಶತ್ರುಪಕ್ಷವು ತನ್ನ ವಿಮಾನವಿರೋಧಿ ರೇಡಾರುಗಳನ್ನು ನಾಶಕ್ಕೆ ಗುರಿಯಾಗುವಂತೆ ಬಯಲಿಗಿಡಬೇಕೆಂದು ವಿಧಿಸಿದುದಕ್ಕೆ ಆ ಸಮಾಧಾನವು ಸಲ್ಲುವುದಿಲ್ಲ. ವ್ಯಾನ್ ರೈಪರ್ ಅವರು ಪ್ರಯೋಗದ ನಡುವೆಯೇ ತಮ್ಮ ಸ್ಥಾನವನ್ನು ಬಿಟ್ಟು ಹೊರಬಂದರು.