ದನಿ ಒಬ್ಬರದು, ದೇಹ ಮತ್ತೊಬ್ಬರದು

ಗೊಂಬೆಯೊಂದು ಹಾಡುತ್ತ ಕುಣಿಯುತ್ತಿದೆ. ಹಾಡಿನ ನಡುವೆ ಅದರ ಕೀಲಿ ಸಡಿಲಗೊಳ್ಳುತ್ತದೆ. ದನಿ ಇಳಿಯುತ್ತದೆ, ಕತ್ತು ವಾಲುತ್ತದೆ, ನಡು ಬಾಗಿ ಮೈಯೆಲ್ಲ ಜೋತುಬೀಳುತ್ತದೆ. ಮತ್ತೆ ಕೀಲಿ ಕೊಟ್ಟೊಡನೆ ನಿಂತ ರಾಗ ಮೇಲೇರುತ್ತದೆ. ಸುತ್ತಲಿನವರೆಲ್ಲ ಬಲ್ಲ ಈ ಗುಟ್ಟು ಎದುರಿಗಿರುವ ಕವಿಗೆ ಮಾತ್ರ ತಿಳಿಯದು. ಅವನ ಕಣ್ಣಿಗೆ ಮಾಯೆಯ ಕನ್ನಡಕವಿದೆ. ಅದರೊಳಗಿಂದ ಕಂಡಾಗ ಗೊಂಬೆ ಜೀವಂತ ಹೆಣ್ಣು. ಕೊನೆಗೆ ಅದನ್ನು ಮಾಡಿದವರಿಬ್ಬರು ಹಣಕ್ಕಾಗಿ ಜಗಳಕ್ಕಿಳಿದು ಅದನ್ನೇ ತುಂಡು ತುಂಡು ಮಾಡುತ್ತಾರೆ. ಬೇರ್ಪಟ್ಟ ಕಾಲು ಇನ್ನೂ ಕುಣಿಯುತ್ತಿರುತ್ತದೆ. ನೆಲಕ್ಕೆ ಬಿದ್ದ ತಲೆಯಿಂದ ಸುರುಳಿ ಸ್ಪ್ರಿಂಗು ಹೊರಬಂದಿದೆ, ಕಣ್ಣು ಮಾತ್ರ ಮಿಟುಕುತ್ತಲೇ ಇದೆ.

1951ರಲ್ಲಿ ಬಿಡುಗಡೆಯಾದ ‘ದಿ ಟೇಲ್ಸ್ ಆಫ್ ಹಾಫ್‌ಮನ್’ ಎಂಬ ಬ್ರಿಟಿಷ್ ಚಿತ್ರದ ದೃಶ್ಯವಿದು. ಮೈಕೆಲ್ ಪೊವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಜೋಡಿ ಫ್ರೆಂಚ್ ಒಪೆರಾ ಒಂದನ್ನು ತೆರೆಗೆ ತಂದ ಬಗೆ ಸಿನಿಮಾ ಚರಿತ್ರೆಯಲ್ಲಿ ಇಂದಿಗೂ ಚರ್ಚೆಯ ವಿಷಯ. ಅವರು ಒಪೆರಾವನ್ನು ಚಿತ್ರೀಕರಿಸಿದರೆ, ಅಥವಾ ಒಪೆರಾದಿಂದ ಬೇರೊಂದು ವಸ್ತುವನ್ನೇ ಸೃಷ್ಟಿಸಿದರೆ? ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಒಪೆರಾ ಸಿನಿಮಾಕ್ಕೆ ಒಡ್ಡುವ ತೊಡಕೇನು ಎಂಬುದನ್ನು ನೋಡಬೇಕು.

ಒಪೆರಾದಲ್ಲಿ ಕಥೆಯನ್ನು ನಡೆಸುವುದು ಹಾಡು. ಧ್ವನಿವರ್ಧಕದ ನೆರವಿಲ್ಲದ ಮನುಷ್ಯ ಕಂಠ ವಾದ್ಯವೃಂದದ ಮೇಲಿಂದ ಹಾಯ್ದು ರಂಗಮಂದಿರದ ಕೊನೆಯ ಸಾಲನ್ನು ಮುಟ್ಟಬೇಕು. ಹೀಗಾಗಿ ಹಾಡುಗಾರನ ದೇಹದ ಬಹುಪಾಲು ಶಕ್ತಿ ಉಸಿರಿಗೆ ಮೀಸಲು. ಅವನು ಕಾಲೂರಿ ನಿಲ್ಲಬೇಕು, ಬಾಯಿ ಅಗಲ ತೆರೆಯಬೇಕು, ಒಂದು ಕಣ್ಣನ್ನು ವಾದ್ಯವೃಂದದ ನಿರ್ವಾಹಕನ ಕೈಯ ಮೇಲೆ ಇಟ್ಟಿರಬೇಕು. ದೂರದಿಂದ ನೋಡುವವರಿಗೆ ಇದು ಬಾಧಕವಲ್ಲ. ಕ್ಯಾಮೆರಾ ಹತ್ತಿರ ಹೋದಾಗ ಮಾತ್ರ ಫಜೀತಿ. ಇಪ್ಪತ್ತರ ಹರೆಯದ ನಾಯಕಿಯ ಬದಲು ಶ್ರಮಪಟ್ಟು ಹಾಡುತ್ತಿರುವ ನಡುವಯಸ್ಸಿನ ಗಾಯಕಿಯ ಗಂಟಲು ಕಾಣಿಸುತ್ತದೆ. ಇನ್ನೊಂದು ತೊಡಕು ಕಾಲದ್ದು. ಒಂದೇ ಭಾವವನ್ನು ಐದಾರು ನಿಮಿಷ ಹಿಗ್ಗಿಸುವುದು ಸಂಗೀತದ ಸಹಜ ಧರ್ಮ. ಅಷ್ಟು ಹೊತ್ತು ಕ್ಯಾಮೆರಾ ಏನು ಮಾಡಬೇಕು?

ಪೊವೆಲ್ ಮತ್ತು ಪ್ರೆಸ್‌ಬರ್ಗರ್ ಈ ಪ್ರಶ್ನೆಗೆ ಬಹಳ ಹಿಂದಿನಿಂದಲೇ ತಯಾರಾಗುತ್ತಿದ್ದರು. ಹಿಮಾಲಯದ ಕ್ರೈಸ್ತ ಸನ್ಯಾಸಿನಿಯರ ಕಥೆಯಾದ ‘ಬ್ಲಾಕ್ ನಾರ್ಸಿಸಸ್’ (1947) ಚಿತ್ರದ ಹಿಮಾಲಯವನ್ನು ಬಹುಪಾಲು ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲೇ ಅವರು ಕಟ್ಟಿದ್ದರು. ಆ ಚಿತ್ರದ ಕೊನೆಯ ಭಾಗದಲ್ಲಿ ಒಂದು ಪ್ರಯೋಗ ಮಾಡಿದರು. ಸಾಮಾನ್ಯವಾಗಿ ಚಿತ್ರ ಮುಗಿದ ಮೇಲೆ ಅದಕ್ಕೆ ಸಂಗೀತ ಹೊಂದಿಸುತ್ತಾರೆ. ಇಲ್ಲಿ ಸಂಗೀತ ಮೊದಲು ಸಿದ್ಧವಾಯಿತು; ನಟಿಯರ ಹೆಜ್ಜೆ, ನೋಟ, ಕ್ಯಾಮೆರಾದ ಚಲನೆ ಎಲ್ಲವೂ ಅದರ ಲಯಕ್ಕೆ ತಕ್ಕಂತೆ ನಡೆದವು. ಮರುವರ್ಷದ ‘ದಿ ರೆಡ್ ಶೂಸ್’ ಚಿತ್ರದ ದೀರ್ಘ ಬ್ಯಾಲೆಯಲ್ಲಿ ಇದೇ ವಿಧಾನ ಇನ್ನಷ್ಟು ಬೆಳೆಯಿತು. ಪೊವೆಲ್ ಇದನ್ನು ‘ಸಂಯೋಜಿತ ಚಿತ್ರ’ ಎಂದು ಕರೆದ. ಇಡೀ ಚಿತ್ರವನ್ನೇ ಹೀಗೆ ಮಾಡಬೇಕೆಂಬುದು ಅವನ ಹಂಬಲವಾಗಿತ್ತು. ಅದಕ್ಕೆ ಆಫನ್‌ಬಾಕ್‌ನ ಒಪೆರಾವನ್ನು ಸೂಚಿಸಿದವನು ಖ್ಯಾತ ವಾದ್ಯವೃಂದ ನಿರ್ವಾಹಕ ಸರ್ ಥಾಮಸ್ ಬೀಚಮ್.

ಆಯ್ಕೆ ಚೆನ್ನಾಗಿತ್ತು. ಜಾಕ್ ಆಫನ್‌ಬಾಕ್ (1819–1880) ಜರ್ಮನಿಯ ಕಲೋನ್ ನಗರದಲ್ಲಿ ಹುಟ್ಟಿ, ಲಘು ಗೀತರೂಪಕಗಳಿಂದ ಪ್ಯಾರಿಸ್ಸನ್ನು ನಗಿಸಿದವನು. ಬದುಕಿನ ಕೊನೆಯಲ್ಲಿ ಗಂಭೀರವಾದ ಒಂದು ಕೃತಿಯನ್ನು ಬಿಟ್ಟುಹೋಗುವ ಆಸೆ ಅವನನ್ನು ಹಿಡಿಯಿತು. ಜರ್ಮನ್ ಲೇಖಕ ಇ.ಟಿ.ಎ. ಹಾಫ್‌ಮನ್ (1776–1822) ಬರೆದ ವಿಲಕ್ಷಣ ಕಥೆಗಳನ್ನು ಹೆಣೆದು, ಆ ಲೇಖಕನನ್ನೇ ಕಥಾನಾಯಕನನ್ನಾಗಿ ಮಾಡಿದ ಫ್ರೆಂಚ್ ನಾಟಕವೊಂದು 1851ರಲ್ಲಿ ಬಂದಿತ್ತು. ಅದೇ ಒಪೆರಾಕ್ಕೆ ಆಧಾರವಾಯಿತು. ಕವಿ ಹಾಫ್‌ಮನ್ ಹೆಂಡದಂಗಡಿಯಲ್ಲಿ ಕುಳಿತು ತನ್ನ ಮೂರು ಸೋತ ಪ್ರೇಮಗಳನ್ನು ಹೇಳುತ್ತಾನೆ. ಮೊದಲನೆಯವಳು ಒಲಿಂಪಿಯಾ, ಕೀಲಿಗೊಂಬೆ. ಇನ್ನೊಬ್ಬಳು ಜೂಲಿಯೆಟ್ಟಾ, ಅವನ ಪ್ರತಿಬಿಂಬವನ್ನೇ ಕದಿಯುವ ವೆನಿಸ್ಸಿನ ವೇಶ್ಯೆ. ಮತ್ತೊಬ್ಬಳು ಆಂಟೋನಿಯಾ, ಹಾಡಿದರೆ ಸಾಯುವ ಕಾಯಿಲೆಯ ಗಾಯಕಿ. ಪ್ರತಿ ಕಥೆಯಲ್ಲೂ ಬೇರೆ ಬೇರೆ ವೇಷದಲ್ಲಿ ಒಬ್ಬನೇ ಖಳ ಎದುರಾಗುತ್ತಾನೆ.

ಕೃತಿ ಪೂರ್ಣಗೊಳ್ಳುವ ಮೊದಲೇ, 1880ರ ಅಕ್ಟೋಬರಿನಲ್ಲಿ, ಆಫನ್‌ಬಾಕ್ ತೀರಿಕೊಂಡ. ಉಳಿದ ಕೆಲಸವನ್ನು ಅರ್ನೆಸ್ಟ್ ಗಿರೋ ಮುಗಿಸಿದ. 1881ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರಯೋಗ ನಡೆದಾಗ ವೆನಿಸ್ಸಿನ ಅಂಕವನ್ನೇ ಕೈಬಿಡಲಾಗಿತ್ತು. ಆಮೇಲೆ ಅಂಕಗಳು ಹಿಂದುಮುಂದಾದವು, ಹಾಡುಗಳು ಸೇರಿದವು, ಹೋದವು. ಇಪ್ಪತ್ತನೆಯ ಶತಮಾನದಲ್ಲಿ ಹಸ್ತಪ್ರತಿಗಳು ಸಿಕ್ಕಂತೆಲ್ಲ ಹೊಸ ಪರಿಷ್ಕರಣಗಳು ಬಂದವು. ಕರ್ತೃ ಒಪ್ಪಿ ಮುದ್ರೆಯೊತ್ತಿದ ಅಂತಿಮ ಪಾಠವೇ ಇಲ್ಲದ ಕೃತಿಯಿದು. ಆದ್ದರಿಂದಲೇ ಇದನ್ನು ತೆರೆಗೆ ತರುವವರಿಗೆ ಮೂಲಕ್ಕೆ ಎಷ್ಟು ನಿಷ್ಠರಾಗಿರಬೇಕೆಂಬ ಭಯ ಸ್ವಲ್ಪ ಕಡಿಮೆ.

ಸಿನಿಮಾದವರು ಆ ಸ್ವಾತಂತ್ರ್ಯವನ್ನು ಧಾರಾಳವಾಗಿ ಬಳಸಿದರು. ಸಾಹಿತ್ಯ ಇಂಗ್ಲಿಷಿಗೆ ಬಂತು. ಕವಿ ಪ್ರೀತಿಸುವ ಸ್ಟೆಲ್ಲಾ ಮೂಲದಲ್ಲಿ ಗಾಯಕಿ. ಚಿತ್ರದಲ್ಲಿ ಅವಳು ನರ್ತಕಿಯಾದಳು. ಅವಳಿಗೆಂದು ಮೂಲದಲ್ಲಿಲ್ಲದ ಕೊಡತಿ ಕೀಟದ ಬ್ಯಾಲೆಯೊಂದು ಆರಂಭದಲ್ಲೇ ಸೇರಿತು. ಆಂಟೋನಿಯಾಳ ಮನೆ ಮ್ಯೂನಿಕ್ ನಗರದಿಂದ ಗ್ರೀಕ್ ದ್ವೀಪಕ್ಕೆ ಹೋಯಿತು. ಆದರೆ ಸಂಗೀತದ ಅಧಿಕಾರಕ್ಕೆ ಯಾರೂ ಕೈಹಾಕಲಿಲ್ಲ. ಬೀಚಮ್ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದೊಡನೆ ಇಡೀ ಸಂಗೀತವನ್ನು ಮೊದಲು ಮುದ್ರಿಸಿಕೊಟ್ಟ. ಆ ಮುದ್ರಣವೇ ಚಿತ್ರಕಥೆಯಾಯಿತು, ಗಡಿಯಾರವೂ ಆಯಿತು.

ಇದರ ಲಾಭ ಅಚ್ಚರಿಯದು. ಚಿತ್ರೀಕರಣದ ವೇಳೆ ಶಬ್ದಗ್ರಹಣದ ಕೆಲಸವೇ ಇರಲಿಲ್ಲ. ಅಂದಿನ ಟೆಕ್ನಿಕಲರ್ ಕ್ಯಾಮೆರಾ ಮೊದಲೇ ಭಾರ. ಅದರ ಸದ್ದು ಮುದ್ರಣಕ್ಕೆ ಸೇರದಂತೆ ಮುಚ್ಚುವ ದೊಡ್ಡ ಕವಚ ಇನ್ನೊಂದು ಹೊರೆ. ಆ ಕವಚವನ್ನು ಕಳಚಿಟ್ಟಾಗ ಛಾಯಾಗ್ರಾಹಕ ಕ್ರಿಸ್ಟೋಫರ್ ಚಾಲಿಸ್‌ನ ಕ್ಯಾಮೆರಾ ಮೂಕಿ ಚಿತ್ರಗಳ ಕಾಲದ ಹಗುರವನ್ನು ಮರಳಿ ಪಡೆಯಿತು. ಧ್ವನಿವರ್ಧಕದಲ್ಲಿ ಹಾಡು ಮೊಳಗುತ್ತಿರುವಾಗಲೇ ನಿರ್ದೇಶಕ ಕೂಗಿ ಸೂಚನೆ ಕೊಡಬಹುದಾಗಿತ್ತು.

ಎರಡನೆಯ ಲಾಭ ಇನ್ನೂ ದೊಡ್ಡದು. ಹಾಡುವ ಕಂಠಕ್ಕೂ ಕಾಣುವ ದೇಹಕ್ಕೂ ಇದ್ದ ಗಂಟು ಬಿಚ್ಚಿತು. ಹಿನ್ನೆಲೆ ಗಾಯನ ನಮ್ಮ ಪ್ರೇಕ್ಷಕರಿಗೆ ಹೊಸದಲ್ಲ; ಪಿ.ಬಿ. ಶ್ರೀನಿವಾಸ್ ಅವರ ಕಂಠವನ್ನು ರಾಜ್‌ಕುಮಾರ್ ಅವರ ಮುಖದಲ್ಲಿ ಕೇಳುತ್ತ ಬೆಳೆದ ಕನ್ನಡಿಗರಿಗೆ ಅದು ಸಹಜವೇ. ಒಪೆರಾದ ಜಗತ್ತಿನಲ್ಲಿ ಮಾತ್ರ ಅದು ಸುಲಭಕ್ಕೆ ಒಪ್ಪುವ ಮಾತಲ್ಲ. ಅಲ್ಲಿ ಹಾಡುತ್ತಿರುವ ದೇಹವನ್ನು ಕಣ್ಣಾರೆ ಕಾಣುವುದೇ ಅರ್ಧ ರಸ. ಪೊವೆಲ್ ಮತ್ತು ಪ್ರೆಸ್‌ಬರ್ಗರ್ ಆ ಅರ್ಧವನ್ನು ಬಿಟ್ಟುಕೊಟ್ಟು ನರ್ತಕರನ್ನು ತಂದರು. ಸ್ಟೆಲ್ಲಾ ಮತ್ತು ಒಲಿಂಪಿಯಾ ಆಗಿ ಕುಣಿದವಳು ‘ರೆಡ್ ಶೂಸ್’ ಖ್ಯಾತಿಯ ಮೊಯ್ರಾ ಶಿಯರರ್. ಗೊಂಬೆಗೆ ಕಂಠ ಕೊಟ್ಟವಳು ಡೊರೊಥಿ ಬಾಂಡ್. ಜೂಲಿಯೆಟ್ಟಾಳ ದೇಹ ಲುದ್ಮಿಲಾ ಚೆರಿನಾಳದು, ದನಿ ಮಾರ್ಗೆರಿಟಾ ಗ್ರಾಂಡಿಯದು. ನಾಲ್ಕು ಖಳವೇಷಗಳಲ್ಲಿ ಬ್ಯಾಲೆ ನರ್ತಕ ರಾಬರ್ಟ್ ಹೆಲ್ಪ್‌ಮನ್. ಅವನಿಗಾಗಿ ಹಾಡಿದವನು ಬ್ರೂಸ್ ಡಾರ್ಗವೆಲ್. ನೃತ್ಯಸಂಯೋಜನೆ ಫ್ರೆಡರಿಕ್ ಆಷ್ಟನ್‌ನದು.

ದೃಶ್ಯವಿನ್ಯಾಸ ಹೈನ್ ಹೆಕ್‌ರೋಥ್‌ನದು. ನಾಜಿಗಳ ಕಾಲದಲ್ಲಿ ಜರ್ಮನಿಯನ್ನು ತೊರೆದು ಬಂದ ಈ ಚಿತ್ರಕಾರ ನಿಜವಾದ ಗೋಡೆ, ನಿಜವಾದ ಬೀದಿಗಳ ಗೊಡವೆಗೆ ಹೋಗಲಿಲ್ಲ. ತೆಳು ಪರದೆ, ಬಣ್ಣ ಬಳಿದ ಬಟ್ಟೆ, ಬೆಳಕು: ಇವೇ ಅವನ ಕಟ್ಟಡ ಸಾಮಗ್ರಿ. ಪ್ರತಿ ಕಥೆಗೂ ಒಂದು ಪ್ರಧಾನ ಬಣ್ಣ. ಒಲಿಂಪಿಯಾಳ ಲೋಕ ಆಟಿಕೆಯ ಹಳದಿ. ಜೂಲಿಯೆಟ್ಟಾಳದು ಕಾಮದ ಕೆಂಪು. ಅಲ್ಲಿ ಖಳ ಕರಗಿದ ಮೇಣದ ಹನಿಗಳನ್ನು ರತ್ನಗಳನ್ನಾಗಿ ಮಾಡಿ ಅವಳನ್ನು ಕೊಂಡುಕೊಳ್ಳುತ್ತಾನೆ. ಆಂಟೋನಿಯಾಳ ದ್ವೀಪಕ್ಕೆ ಸಮುದ್ರದ, ಸಾವಿನ ನೀಲಿ. ರಂಗಭೂಮಿಯಲ್ಲಿ ದೃಶ್ಯ ಬದಲಾಗಲು ತೆರೆ ಬೀಳಬೇಕು. ಇಲ್ಲಿ ಸ್ವರ ಹೊರಳಿದಂತೆ ಬಣ್ಣವೇ ಹೊರಳುತ್ತದೆ. ಒಂದೇ ಭಾವವನ್ನು ಸಂಗೀತ ಹಿಗ್ಗಿಸುವಾಗ ಕ್ಯಾಮೆರಾ ಏನು ಮಾಡಬೇಕೆಂಬ ಪ್ರಶ್ನೆಗೆ ಚಿತ್ರ ಕೊಟ್ಟ ಉತ್ತರವಿದು. ಹೆಕ್‌ರೋಥ್‌ನ ಈ ಕೆಲಸಕ್ಕೆ ಕಲಾ ನಿರ್ದೇಶನ ಮತ್ತು ವಸ್ತ್ರವಿನ್ಯಾಸ ಎರಡರಲ್ಲೂ ಆಸ್ಕರ್ ನಾಮಕರಣ ಬಂತು.

ಆಕ್ಷೇಪಗಳೂ ಬಂದವು. ಜರ್ಮನ್ ಸಿನಿಮಾ ಚಿಂತಕ ಸೀಗ್‌ಫ್ರೀಡ್ ಕ್ರಕಾವರ್ 1960ರ ತನ್ನ ಗ್ರಂಥದಲ್ಲಿ ಈ ಚಿತ್ರವನ್ನು ಒಪ್ಪಲಿಲ್ಲ. ಸಿನಿಮಾದ ಹುಟ್ಟುಗುಣ ಹೊರಗಿನ ನಿಜ ಜಗತ್ತನ್ನು ಹಿಡಿಯುವುದು. ಎಲ್ಲವನ್ನೂ ಸ್ಟುಡಿಯೋದಲ್ಲಿ ಕಟ್ಟಿದ ಈ ವೈಭವ ಅದನ್ನು ಮತ್ತೆ ರಂಗಭೂಮಿಯ ಕಡೆಗೆ ಒಯ್ಯುತ್ತದೆ ಎಂಬುದು ಅವನ ವಾದದ ತಿರುಳು. ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾನ ಅಸಮಾಧಾನ ಬೇರೆ ಬಗೆಯದು. ಆಂಟೋನಿಯಾಳ ಅಂಕವನ್ನು ಕತ್ತರಿಸಬೇಕೆಂದು ಅವನು ಬಯಸಿದ್ದ. ಮೊದಲೆರಡು ಅಂಕಗಳ ಓಟ, ಬೆಡಗು ಅಲ್ಲಿಲ್ಲವೆಂಬುದು ನಿಜ. ನೋಡುವವರಿಗೂ ಅಲ್ಲಿ ಚಿತ್ರ ನಿಧಾನವಾಯಿತೆಂದು ಅನ್ನಿಸುತ್ತದೆ.

ಅದಕ್ಕೊಂದು ಕಾರಣವಿದೆ. ಮುಖ್ಯ ಪಾತ್ರಗಳಲ್ಲಿ ತೆರೆಯ ಮೇಲೆ ಕಾಣುತ್ತ ತಮ್ಮದೇ ಕಂಠದಲ್ಲಿ ಹಾಡಿದವರು ಇಬ್ಬರೇ: ಹಾಫ್‌ಮನ್ ಆದ ರಾಬರ್ಟ್ ರೌನ್ಸ್‌ವಿಲ್ ಮತ್ತು ಆಂಟೋನಿಯಾ ಆದ ಆನ್ ಏಯರ್ಸ್. ಇಬ್ಬರೂ ಗಾಯಕರು, ನರ್ತಕರಲ್ಲ. ಆದ್ದರಿಂದ ಮೂರನೆಯ ಕಥೆಯಲ್ಲಿ ದೇಹದ ಚಲನೆ ಕಡಿಮೆ, ನಿಂತು ಹಾಡುವುದು ಹೆಚ್ಚು. ಆದರೆ ಕಥೆಯನ್ನು ನೆನೆಸಿಕೊಂಡರೆ ಬೇರೊಂದು ಅರ್ಥ ಹೊಳೆಯುತ್ತದೆ. ಒಲಿಂಪಿಯಾಳಿಗೆ ತನ್ನದೆಂಬ ದನಿಯಿಲ್ಲ. ಯಂತ್ರವೇ ಅವಳ ಕಂಠ. ಚಿತ್ರದಲ್ಲೂ ಅವಳ ದನಿ ಬೇರೊಬ್ಬಳದು. ಜೂಲಿಯೆಟ್ಟಾ ಮನುಷ್ಯನಿಂದ ಅವನ ಬಿಂಬವನ್ನು ಬೇರ್ಪಡಿಸುವವಳು. ಅವಳಲ್ಲೂ ದನಿ, ದೇಹ ಬೇರೆ ಬೇರೆ. ಆಂಟೋನಿಯಾಳಲ್ಲಿ ಮಾತ್ರ ಹಾಡೂ ಜೀವವೂ ಒಂದೇ. ಹಾಡಬೇಡವೆಂದು ಅಪ್ಪ ಅಂಗಲಾಚುತ್ತಾನೆ, ಪ್ರಿಯಕರ ಬೇಡುತ್ತಾನೆ. ಖಳವೈದ್ಯ ಸತ್ತ ತಾಯಿಯ ದನಿಯನ್ನೇ ಎಬ್ಬಿಸಿ ಅವಳನ್ನು ಹಾಡಿಸುತ್ತಾನೆ. ಹಾಡು ತಾರಕಕ್ಕೆ ಏರಿದಾಗ ಅವಳು ಕುಸಿಯುತ್ತಾಳೆ. ಆ ಹಾಡನ್ನು ಹಾಡುತ್ತಿರುವ ಮುಖ ಮತ್ತು ಕಂಠ ಎರಡೂ ಒಬ್ಬಳವೇ. ಇದು ಉದ್ದೇಶವೋ ಕಾಕತಾಳೀಯವೋ, ದನಿ ಮತ್ತು ದೇಹದ ಅಗಲಿಕೆಯ ಕಥೆಯನ್ನು ದನಿ ಮತ್ತು ದೇಹವನ್ನು ಅಗಲಿಸುವ ಕಲೆಯೇ ಹೇಳಿದೆ. ಆ ಅಂಕವನ್ನು ಕತ್ತರಿಸಿದ್ದರೆ ಚಿತ್ರ ಚುರುಕಾಗುತ್ತಿತ್ತು. ಅದರ ಹೃದಯ ಹೋಗುತ್ತಿತ್ತು.

ಎಲ್ಲ ಒಪೆರಾಗಳಿಗೂ ಇದೇ ದಾರಿಯೇ? ಅಲ್ಲ. 1975ರ ಹೊಸ ವರ್ಷದ ದಿನ ಸ್ವೀಡನ್ನಿನ ದೂರದರ್ಶನದಲ್ಲಿ ಪ್ರಸಾರವಾದ ಇಂಗ್ಮಾರ್ ಬರ್ಗ್‌ಮನ್‌ನ ‘ಮಾಯಾ ಕೊಳಲು’ ಇದಕ್ಕೆ ನೇರ ವಿರುದ್ಧ ದಿಕ್ಕಿನದು. ಮೊಜಾರ್ಟ್ 1791ರಲ್ಲಿ ರಚಿಸಿದ ಈ ಒಪೆರಾಕ್ಕೆ ಬರ್ಗ್‌ಮನ್ ಹಾಡಬಲ್ಲ ಯುವ ಮುಖಗಳನ್ನೇ ಹುಡುಕಿದ. ಹದಿನೆಂಟನೆಯ ಶತಮಾನದ ಡ್ರಾಟ್ನಿಂಗ್‌ಹಾಮ್ ಅರಮನೆ ರಂಗಮಂದಿರದ ಪ್ರತಿಕೃತಿಯನ್ನು ಸ್ಟುಡಿಯೋದಲ್ಲಿ ಕಟ್ಟಿಸಿ, ಅದರ ಮರದ ಯಂತ್ರಗಳನ್ನೂ ಬಣ್ಣದ ತೆರೆಗಳನ್ನೂ ಮುಚ್ಚಿಡದೆ ತೋರಿಸಿದ. ಪೀಠಿಕಾ ಸಂಗೀತ ನಡೆಯುವಾಗ ಪ್ರೇಕ್ಷಕರ ಮುಖಗಳು. ವಿರಾಮದಲ್ಲಿ ಚದುರಂಗ ಆಡುತ್ತ ಕುಳಿತ ನಾಯಕ ನಾಯಕಿಯರು. ನಾಟಕವೆಂದು ಗೊತ್ತಿದ್ದೂ ನಂಬುವ ಸುಖ ಬರ್ಗ್‌ಮನ್‌ನದು. ಕನಸೆಂದು ಮರೆತು ಮುಳುಗುವ ಸುಖ ಪೊವೆಲ್‌ನದು. ಎರಡೂ ಗೆದ್ದದ್ದು ಒಂದೇ ಕಾರಣಕ್ಕೆ. ಸಂಗೀತಕ್ಕೆ ಹಿನ್ನೆಲೆ ಚಿತ್ರ ಒದಗಿಸುವ ಬದಲು, ಆ ಸಂಗೀತದೊಳಗಿನ ಪ್ರಶ್ನೆಗೆ ಎರಡೂ ಕಣ್ಣಿನ ಭಾಷೆಯಲ್ಲಿ ಉತ್ತರ ಹುಡುಕಿದವು.

‘ಹಾಫ್‌ಮನ್’ ಚಿತ್ರದ ಮುಂದಿನ ಬದುಕು ವಿಚಿತ್ರವಾದದ್ದು. ಅಮೆರಿಕದ ಹುಡುಗನೊಬ್ಬ ಈ ವರ್ಣವೈಭವವನ್ನು ಮೊದಲು ಕಂಡದ್ದು ಮನೆಯ ಕಪ್ಪುಬಿಳುಪು ಟೆಲಿವಿಷನ್ನಿನಲ್ಲಿ. ಅವನೇ ಮುಂದೆ ನಿರ್ದೇಶಕನಾದ ಮಾರ್ಟಿನ್ ಸ್ಕಾರ್ಸೆಸಿ. ಬಣ್ಣವಿಲ್ಲದೆಯೂ ಅವನನ್ನು ಹಿಡಿದದ್ದು ಸಂಗೀತಕ್ಕೆ ಬೆಸೆದ ಚಲನೆ. ‘ಟ್ಯಾಕ್ಸಿ ಡ್ರೈವರ್’ (1976) ಚಿತ್ರದಲ್ಲಿ ನಾಯಕನ ಕಣ್ಣುಗಳನ್ನು ಹಿಡಿದ ರೀತಿಗೆ ಹೆಲ್ಪ್‌ಮನ್‌ನ ಕಣ್ಣುಗಳೇ ಪ್ರೇರಣೆಯೆಂದು ಅವನು ಹೇಳಿದ್ದಾನೆ. ‘ನೈಟ್ ಆಫ್ ದಿ ಲಿವಿಂಗ್ ಡೆಡ್’ (1968) ಎಂಬ ಭಯಾನಕ ಚಿತ್ರದ ನಿರ್ದೇಶಕ ಜಾರ್ಜ್ ರೊಮೆರೊ ತನ್ನನ್ನು ಸಿನಿಮಾಕ್ಕೆ ಎಳೆದದ್ದೂ ಇದೇ ಚಿತ್ರವೆಂದ. ಇಬ್ಬರೂ ಹುಡುಗರಾಗಿದ್ದಾಗ ನ್ಯೂಯಾರ್ಕಿನಲ್ಲಿ ಇದರ ಒಂದೇ ಪ್ರತಿಯನ್ನು ಸರದಿಯ ಮೇಲೆ ಬಾಡಿಗೆಗೆ ಒಯ್ಯುತ್ತಿದ್ದರಂತೆ.

ಚಿತ್ರದ ಕೊನೆಯಲ್ಲಿ ಬೀಚಮ್ ಕಾಣಿಸಿಕೊಂಡು ಸಂಗೀತದ ಹೊತ್ತಗೆಯನ್ನು ಮುಚ್ಚುತ್ತಾನೆ. ಅದರ ಮೇಲೆ ‘ಇಂಗ್ಲೆಂಡಿನಲ್ಲಿ ತಯಾರಾದದ್ದು’ ಎಂಬ ಮುದ್ರೆ ಬೀಳುತ್ತದೆ. ಇಷ್ಟೇ ಕೊನೆಯೆಂದು ದಶಕಗಳ ಕಾಲ ಪ್ರೇಕ್ಷಕರು ಭಾವಿಸಿದ್ದರು. 2015ರಲ್ಲಿ ಚಿತ್ರದ ಪುನರುಜ್ಜೀವಿತ ಪ್ರತಿ ಹೊರಬಂದಾಗ, ಮೂರನೆಯ ಅಂಕದಿಂದ ಕಳೆದುಹೋಗಿದ್ದ ಕೆಲವು ನಿಮಿಷಗಳ ಜತೆಗೆ ಅದುವರೆಗೆ ತೆರೆ ಕಾಣದಿದ್ದ ಉಪಸಂಹಾರವೂ ಬಂತು. ಅದರಲ್ಲಿ ಪಾತ್ರಧಾರಿಗಳು ಬಂದು ನಮಸ್ಕರಿಸುತ್ತಾರೆ. ಅವರೊಂದಿಗೆ ಅವರಿಗೆ ಕಂಠ ಕೊಟ್ಟವರೂ ಇದ್ದಾರೆ. ಎರಡು ಗಂಟೆ ಅಗಲಿದ್ದ ದನಿ ಮತ್ತು ದೇಹ ಕೊನೆಗೊಮ್ಮೆ ಒಂದೇ ತೆರೆಯ ಮೇಲೆ ನಿಲ್ಲುತ್ತವೆ.