ಕೊನೆಯ ಬೆಂಚಿನಿಂದ ಗಾಯನವೃಂದಕ್ಕೆ

ಉದ್ಯೋಗನಿಮಿತ್ತವಾಗಿ ಹುಟ್ಟೂರನ್ನು ತೊರೆದು ಹೈದರಾಬಾದಿನಂತಹ ಮಹಾನಗರದಲ್ಲಿ ನೆಲಸುವವರಿಗೆ ಬಾಡಿಗೆ ಮನೆ, ಮಕ್ಕಳ ಶಾಲೆ ಮೊದಲಾದ ಚಿಂತೆಗಳು ವರ್ಷದೊಳಗೆ ತೀರಬಹುದು. ತೀರದೆ ಉಳಿಯುವುದು ಒಂಟಿತನ. ನಮ್ಮ ಕ್ರೈಸ್ತ ಬಂಧುಗಳಲ್ಲಿ ಇದು ಭಾನುವಾರದ ಬೆಳಿಗ್ಗೆ ಎದ್ದು ಕಾಣುತ್ತದೆ. ಮಂಗಳೂರು, ಧಾರವಾಡ, ಬೀದರ, ಕಲಬುರಗಿಗಳ ಸಭೆಗಳಲ್ಲಿ ಬಾಲ್ಯದಿಂದ ಮನದುಂಬಿ ಹಾಡಿದವರು ಇಲ್ಲಿಯ ದೇವಾಲಯದ ಕೊನೆಯ ಬೆಂಚಿನಲ್ಲಿ ಕುಳಿತು, ತುಟಿಗಳನ್ನಷ್ಟೇ ಅಲುಗಿಸಿ, ಆರಾಧನೆ ಮುಗಿದೊಡನೆ ಯಾರೊಡನೆಯೂ ಮಾತನಾಡದೆ ಹಿಂದಿರುಗುತ್ತಾರೆ. ‘ಗಾಯನವೃಂದಕ್ಕೆ ಸೇರಬಾರದೆ?’ ಎಂದು ಕೇಳಿದರೆ ದೊರೆಯುವ ಉತ್ತರ ಹೆಚ್ಚುಕಡಮೆ ಒಂದೇ: ‘ನನಗೆ ಕಂಠವಿಲ್ಲ, ಸ್ವರಲಿಪಿ ತಿಳಿಯದು, ತೆಲುಗು ಓದಲು ಬಾರದು.’ ಈ ಮೂರು ಅಡ್ಡಿಗಳೂ ತೋರುವಷ್ಟು ದೊಡ್ಡವಲ್ಲ.

ಮೊದಲನೆಯದು ಕಂಠ. ಸ್ವರಗಳ ಏರಿಳಿತವನ್ನು ಗುರುತಿಸಲಾರದ ಜನ್ಮಜಾತ ದೋಷವುಳ್ಳವರು ನೂರಕ್ಕೆ ನಾಲ್ವರನ್ನು ಮೀರರೆಂದು ತಜ್ಞರ ಅಂದಾಜು. ಉಳಿದವರಿಗೆ ಇರುವ ಕೊರತೆ ಅಭ್ಯಾಸದ್ದು. ವೃಂದದಲ್ಲಿ ಹಾಡುವುದೆಂದರೆ ಕಚೇರಿಯಲ್ಲಿ ಒಬ್ಬರೇ ಹಾಡಿದಂತಲ್ಲ. ಸ್ತ್ರೀಯರಿಗೆ ಸೊಪ್ರಾನೊ, ಆಲ್ಟೊ. ಪುರುಷರಿಗೆ ಟೆನರ್, ಬೇಸ್ ಎಂದು ನಾಲ್ಕು ವಿಭಾಗಗಳಿದ್ದು, ಸಾಮಾನ್ಯ ಧ್ವನಿಗೂ ಇವುಗಳಲ್ಲಿ ಸ್ಥಾನವುಂಟು. ಅನುಭವಿಗಳೊಬ್ಬರ ಪಕ್ಕದಲ್ಲಿ ನಿಂತು, ಅವರಿಗಿಂತ ತುಸು ತಗ್ಗಿಸಿ ಹಾಡುತ್ತ ಬಂದರೆ ಕಿವಿಯೇ ಕಂಠವನ್ನು ತಿದ್ದುತ್ತದೆ.

ಎರಡನೆಯದು ಸ್ವರಲಿಪಿ. ಅದು ತಿಳಿದಿದ್ದರೆ ಅನುಕೂಲ. ತಿಳಿಯದವರಿಗೆ ಬಾಗಿಲು ಮುಚ್ಚಿಲ್ಲ. ತಾಲೀಮಿನಲ್ಲಿ ಪ್ರತಿಯೊಂದು ವಿಭಾಗದ ಪಾಲನ್ನೂ ಬಿಡಿಯಾಗಿ ನುಡಿಸಿ ಹೇಳಿಕೊಡುವುದುಂಟು. ನಮ್ಮ ಭಜನೆಗಳೂ ಜಾನಪದ ಹಾಡುಗಳೂ ತಲೆಮಾರುಗಳಿಂದ ಕಿವಿಯ ಮೂಲಕವೇ ಬಂದವಲ್ಲವೆ?

ಮೂರನೆಯದು ಭಾಷೆ. ಕನ್ನಡ, ತೆಲುಗು ಲಿಪಿಗಳೆರಡೂ ಒಂದೇ ಮೂಲದಿಂದ ಕವಲೊಡೆದವು. ತಲಕಟ್ಟಿನ ಭೇದವನ್ನೂ ಕೆಲವು ಅಕ್ಷರಗಳನ್ನೂ ಮನದಟ್ಟು ಮಾಡಿಕೊಂಡರೆ ಕನ್ನಡಿಗರು ಬೇಗನೆ ಕೀರ್ತನೆಯ ಪುಸ್ತಕವನ್ನು ಓದಬಲ್ಲರು. ಅಲ್ಲಿಯವರೆಗೆ ಹಾಡನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳಲು ಯಾರ ಅಡ್ಡಿಯೂ ಇಲ್ಲ. ‘ಆಂಧ್ರ ಕ್ರೈಸ್ತವ ಕೀರ್ತನಲು’ ಎಂಬ ತೆಲುಗು ಸಂಗ್ರಹದಲ್ಲಿ 19ನೆಯ ಶತಮಾನದ ಪುರುಷೋತ್ತಮ ಚೌಧರಿಯವರ ರಚನೆಗಳಿವೆ. ಅನೇಕ ಕೀರ್ತನೆಗಳ ಶಿರೋಭಾಗದಲ್ಲಿ ರಾಗತಾಳಗಳ ಹೆಸರುಂಟು. ದಾಸರ ಪದಗಳನ್ನು ಕೇಳಿದ ಕಿವಿಗೆ ಆ ರಾಗಗಳು ಪರಕೀಯವೆನಿಸಲಾರವು. ಪರಭಾಷೆಯಲ್ಲಿ ಹಾಡಿದವರ ಮೇಲ್ಪಂಕ್ತಿಯೂ ನಮ್ಮ ಮುಂದಿದೆ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಜರ್ಮನಿಯ ಫರ್ಡಿನೆಂಡ್ ಕಿಟೆಲ್ಲರು 1894ರಲ್ಲಿ ಪ್ರಕಟವಾದ ನಿಘಂಟಿನಿಂದ ಪ್ರಸಿದ್ಧರು. ಅವರೇ ನಮ್ಮ ಛಂದಸ್ಸನ್ನು ಕಲಿತು ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ಕನ್ನಡ ಪದ್ಯವಾಗಿಸಿದರು. ಸಪ್ತಸಾಗರದಾಚೆಯಿಂದ ಬಂದವರಿಗಿಲ್ಲದ ಸಂಕೋಚ ನೆರೆಮನೆಯ ನುಡಿಯಲ್ಲಿ ಹಾಡಲು ನಮಗೇಕೆ?

ಇನ್ನು ಆರೋಗ್ಯದ ಮಾತು. ಹಾಡುವವರು ಉಸಿರನ್ನು ಬೇಗನೆ ಒಳಗೆಳೆದು ನಿಧಾನವಾಗಿ ಬಿಡಬೇಕಾಗುತ್ತದೆ. ವಪೆಗೂ ಪಕ್ಕೆಲುಬುಗಳ ಸ್ನಾಯುಗಳಿಗೂ ಇದು ಹದವಾದ ವ್ಯಾಯಾಮ. ಒಟ್ಟಾಗಿ ಹಾಡುವವರ ಉಸಿರಾಟವು ಒಂದಾದಂತೆ ಅವರ ಹೃದಯಬಡಿತದ ಏರಿಳಿತಗಳೂ ಪರಸ್ಪರ ಹೊಂದಿಕೊಳ್ಳುವುದನ್ನು ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದರು. 2015ರಲ್ಲಿ ಪ್ರಕಟವಾದ ಆಕ್ಸ್‌ಫರ್ಡಿನ ಅಧ್ಯಯನವೊಂದು ಹಾಡು, ಕರಕುಶಲ, ಬರವಣಿಗೆಗಳ ತರಗತಿಗಳಿಗೆ ಸೇರಿದ ಅಪರಿಚಿತರನ್ನು ಏಳು ತಿಂಗಳು ಗಮನಿಸಿತು. ಕೊನೆಗೆ ಎಲ್ಲ ತರಗತಿಗಳಲ್ಲಿಯೂ ಸ್ನೇಹ ಬೆಳೆದಿತ್ತು. ಆದರೆ ಹಾಡಿದವರಲ್ಲಿ ಅದು ಬಲು ಬೇಗನೆ ಕುದುರಿತ್ತು. ಹೊಸದಾಗಿ ಬಂದವರಿಗೆ ಅಗತ್ಯವಾದುದು ಮೊದಲ ತಿಂಗಳುಗಳ ಈ ನಂಟೇ ಅಲ್ಲವೆ?

ಆದರೂ ಹಾಡು ಔಷಧಕ್ಕೆ ಬದಲಲ್ಲ. ಅಸ್ತಮಾ, ರಕ್ತದೊತ್ತಡಗಳಿಗೆ ವೈದ್ಯರು ಹೇಳಿದ ಮದ್ದನ್ನು ಬಿಡಕೂಡದು. ಧ್ವನಿ ಒಡೆದು ಮೂರು ವಾರ ಕಳೆದರೂ ಸರಿಹೋಗದಿದ್ದಲ್ಲಿ ಗಂಟಲಿನ ತಜ್ಞರನ್ನು ಕಾಣಬೇಕು. ಕೆಮ್ಮು ಜ್ವರಗಳಿದ್ದಾಗ ತಾಲೀಮಿಗೆ ಹೋಗಲೇಬಾರದು. 2020ರ ಮಾರ್ಚಿಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದೇ ಸಂಜೆಯ ತಾಲೀಮಿಗೆ ಬಂದಿದ್ದ 61 ಜನರ ಪೈಕಿ 53 ಮಂದಿ ಕೋವಿಡ್‌ಗೆ ಈಡಾದರು, ಇಬ್ಬರು ಮೃತರಾದರು. ತಾಲೀಮಿನ ಕೋಣೆಯ ಕಿಟಕಿಗಳು ತೆರೆದಿರಲಿ.

ಸೇರಲು ಕ್ರಿಸ್ಮಸ್ ಹಾಡುಗಳ ತಾಲೀಮು ಮೊದಲಾಗುವ ಕಾಲ ಪ್ರಶಸ್ತ; ಆಗ ಹಳಬರೂ ಹೊಸ ಹಾಡುಗಳನ್ನು ಕಲಿಯುತ್ತಿರುತ್ತಾರೆ. ಆರಾಧನೆಯ ಬಳಿಕ ವೃಂದದ ನಾಯಕರನ್ನು ಕಂಡು, ‘ಒಂದು ದಿನ ಕುಳಿತು ಕೇಳಬಹುದೆ?’ ಎಂದಷ್ಟೇ ವಿಚಾರಿಸಿದರೆ ಸಾಕು. ಎರಡನೆಯ ವಾರ ಮೆಲ್ಲನೆ ಗುನುಗಿರಿ. ಮೂರನೆಯ ವಾರ ಬಾಯಿ ತೆರೆಯಿರಿ.

ವೃಂದದಲ್ಲಿ ಈಗಾಗಲೇ ನೆಲೆಗೊಂಡ ಹಿರಿಯರಲ್ಲಿಯೂ ಒಂದು ವಿನಂತಿ. ಹಿಂಜರಿಯುವವರು ತಾವಾಗಿ ಬರುವುದು ಅಪರೂಪ. ‘ಹಾಡಲು ಬರುತ್ತದೆಯೆ?’ ಎಂದು ಕೇಳಿದರೆ ಅವರು ಇನ್ನಷ್ಟು ಹಿಂದೆ ಸರಿಯುತ್ತಾರೆ. ‘ಬನ್ನಿ, ನಮ್ಮ ಪಕ್ಕದಲ್ಲಿ ನಿಲ್ಲಿ’ ಎಂದು ಕರೆದು, ತಮ್ಮ ಪುಸ್ತಕದ ಅರ್ಧವನ್ನು ಅವರ ಕಡೆಗೆ ಸರಿಸಿರಿ. ಪರಸ್ಥಳದಲ್ಲಿ ಒಬ್ಬ ಬಂಧುವನ್ನು ಪಡೆಯಲು ಇದಕ್ಕಿಂತ ಸುಲಭವಾದ ದಾರಿ ಮತ್ತೊಂದಿಲ್ಲ.